ಸಾಕ್ಷಿ ಬಳೆ

ಮೇಸ್ತ್ರಿ ಮತ್ತೆ ಭಟ್ಟಿಯ ಮುಂದೆ ನಿಂತಿದ್ದರು.

ನಿಂತದ್ದು ಮನೆಯ ನಡುಹಾದಿಯಲ್ಲಿ, ಚಪ್ಪಲಿ ಗೂಡಿನ ಪಕ್ಕ, ಬರಿಯ ಬಿಳಿ ಗೋಡೆಗೆ ಮುಖ ಮಾಡಿ. ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡಿದ್ದರು. ಕಣ್ಣು ಕಿರಿದಾಗಿತ್ತು. ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದ ಮಗಳು ಅವರ ಬೆನ್ನು ಕಂಡದ್ದೇ ಅಲ್ಲಿಯೇ ನಿಂತಳು. ಚಮಚದ ಸದ್ದಾಗದಂತೆ ಬೆರಳಲ್ಲಿ ಅದುಮಿಕೊಂಡು ತಾಯಿಯ ಕಡೆ ತಿರುಗಿದಳು.

"ಅಮ್ಮ, ಹಿಂಬಾಗಿಲಿಂದ ಸುತ್ತಿ ಹೋಗೋಣ. ಅಪ್ಪ ಕಿಂಡಿ ನೋಡ್ತಿದಾರೆ."

ತಾಯಿಯೂ ಆ ಬೆನ್ನನ್ನು ಒಂದು ಗಳಿಗೆ ನೋಡಿದಳು. ಇಬ್ಬರೂ ಹಿಂಬಾಗಿಲು ತೆಗೆದು, ಬಟ್ಟೆ ಒಣಹಾಕಿದ ತಂತಿಯ ಕೆಳಗೆ ಬಗ್ಗಿ, ಮನೆಯನ್ನು ಅರ್ಧ ಸುತ್ತು ಹಾಕಿ ಮುಂಬಾಗಿಲಿನಿಂದ ಒಳಗೆ ಬಂದರು. ನೋಡುವವರಿಗೆ ಇದು ಹುಚ್ಚಾಟ ಅನ್ನಿಸಬಹುದು. ಆ ಮನೆಯವರಿಗೆ ಅನ್ನಿಸುತ್ತಿರಲಿಲ್ಲ.

ಅವರದು ಪಿಂಗಾಣಿ ಜಾಡಿ ಮಾಡುವ ಮನೆ. ಮನೆಗೆ ಅಂಟಿಕೊಂಡೇ ಕಾರ್ಖಾನೆ, ಕಾರ್ಖಾನೆಯ ಹಿಂದೆ ಸೌದೆಯ ಭಟ್ಟಿ. ಭಟ್ಟಿಗೆ ಬೆಂಕಿ ಏರಿದ ಮೇಲೆ ಮೇಸ್ತ್ರಿಗೂ ಒಳಗಿನ ಬೆಂಕಿ ನೋಡುವ ಕಿಂಡಿಗೂ ನಡುವೆ ಯಾರೂ ಹಾಯಬಾರದು. ಹಾದರೆ ಕೆನ್ನೆಗೆ ಬಡಿಯುವ ಕಾವು ತುಂಡಾಗುತ್ತದೆ, ಅಂದಾಜು ಕೆಡುತ್ತದೆ. ಹಿಂದೊಮ್ಮೆ ಕಾರ್ಖಾನೆಯ ಆಗಿನ ಯಜಮಾನರೇ ಮರೆತು ನಡುವೆ ಬಂದು ನಿಂತಾಗ ಮೇಸ್ತ್ರಿ ಅವರ ಹೊಟ್ಟೆಯನ್ನೇ ನೋಡುತ್ತ, "ಯಜಮಾನ್ರೇ, ಇಲ್ಲೊಂದು ಭಟ್ಟಿ ಇತ್ತು, ನೀವು ಬಂದ ಮೇಲೆ ಕಾಣ್ತಾ ಇಲ್ಲ" ಎಂದಿದ್ದರಂತೆ. ಯಜಮಾನರು ನಕ್ಕು ಪಕ್ಕಕ್ಕೆ ಸರಿದಿದ್ದರು.

ಮೇಸ್ತ್ರಿ ಕಾವನ್ನು ಅಳೆಯುತ್ತಿದ್ದದ್ದೇ ಕೆನ್ನೆಯಿಂದ. ಬಲಗೈಯಲ್ಲಿ ಉದ್ದನೆಯ ಕಬ್ಬಿಣದ ಕೊಕ್ಕೆ ಇರುತ್ತಿದ್ದುದರಿಂದ ಎಡ ಮಗ್ಗುಲು ಕೊಟ್ಟು ಕಿಂಡಿಯ ಹತ್ತಿರ ಬಗ್ಗುತ್ತಿದ್ದರು. ಚರ್ಮ ತಡೆಯುವಷ್ಟು ಹೊತ್ತು ತಡೆದು ಹಿಂದೆ ಸರಿದು, ಆ ಕಾವು ಆರಿಹೋಗದಂತೆ ಅಂಗೈಯಲ್ಲಿ ಮುಚ್ಚಿಕೊಂಡು ಯೋಚಿಸುತ್ತಿದ್ದರು. ಆಮೇಲೆ ಬಳೆ. ಜಾಡಿಗಳನ್ನು ಜೋಡಿಸುವಾಗಲೇ ಕಿಂಡಿಯ ಎದುರಿಗೆ ಅದೇ ಮಣ್ಣಿನ, ಅದೇ ಮೆರುಗು ಬಳಿದ ಪುಟ್ಟ ಬಳೆಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಸಾಕ್ಷಿ ಬಳೆ ಎಂದು ಅದರ ಹೆಸರು. ಬೆಂಕಿಯ ನಡುವಿನಿಂದ ಕೊಕ್ಕೆಯಲ್ಲಿ ಒಂದನ್ನು ಎಳೆದು ನೀರಿಗೆ ಅದ್ದಿ, ಮುರಿದು, ಒಳಗಿನ ಬಣ್ಣ ನೋಡಿದರೆ ಇಡೀ ಭಟ್ಟಿಯ ಸುದ್ದಿ ಗೊತ್ತಾಗುತ್ತದೆ. ಸೌದೆ ಒಟ್ಟುವವರು ಆತುರಪಟ್ಟರೆ ಮೇಸ್ತ್ರಿ ಬಳೆಯ ಚೂರನ್ನು ಅವರ ಮೂಗಿನ ಮುಂದೆ ಹಿಡಿದು, "ಅವಸರ ಇಲ್ಲ" ಎನ್ನುತ್ತಿದ್ದರು. ಎರಡೇ ಮಾತು. ಅದಾದ ಮೇಲೆ ಯಾರೂ ಒಂದು ಕಡ್ಡಿಯನ್ನೂ ಹೆಚ್ಚಿಗೆ ಒಟ್ಟುತ್ತಿರಲಿಲ್ಲ.

ಆ ಯಜಮಾನರ ಕಾಲ ಮುಗಿದು ಕಾರ್ಖಾನೆ ಮನೆಯವರ ಕೈಗೇ ಬಂದಿತ್ತು, ಈಗ ನಡೆಸುವವಳು ಮಗಳು. ಕರೆಂಟಿನ ಭಟ್ಟಿ ತಂದಿದ್ದಾಳೆ. ಮೇಸ್ತ್ರಿ ಅದನ್ನು ಮೊದಲ ಸಲ ನೋಡಿದಾಗ ಸುತ್ತಲೂ ಒಂದು ಸುತ್ತು ಬಂದು, ಇದು ಭಟ್ಟಿಯಲ್ಲ, ಬೀರು ಎಂದಿದ್ದರು. ಅಂದಿನಿಂದ ಕಾರ್ಖಾನೆಯವರೆಲ್ಲ ಅದನ್ನು ಬೀರು ಎಂದೇ ಕರೆಯುತ್ತಾರೆ.

ಮರೆವು ಬಂದದ್ದು ಮೆಲ್ಲಗೆ. ಮೊದಲು ಮೆರುಗಿನ ಅಳತೆ ಮರೆತರು, ಆಮೇಲೆ ಬೀದಿ, ಆಮೇಲೆ ಮನುಷ್ಯರು. ಆಲ್ಜೈಮರ್ ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದರು. ಅಲ್ಲಿಯೇ ಒಬ್ಬ ಡಾಕ್ಟರಮ್ಮ ಈ ಕಾಯಿಲೆಯವರ ರಕ್ತದಲ್ಲಿ ಉರಿಯೂತದ ಗುರುತುಗಳು ಹೇಗೆ ಏರಿಳಿಯುತ್ತವೆ, ಅದರ ಜೊತೆ ಕಾಯಿಲೆ ಹೇಗೆ ಮುಂದೆ ಸಾಗುತ್ತದೆ ಎಂದು ವರ್ಷಗಟ್ಟಲೆ ಗಮನಿಸುತ್ತಿದ್ದಳು. ಈ ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿದಾಗ ಮೇಸ್ತ್ರಿಗೆ ಇನ್ನೂ ಮಾತು ನೆಟ್ಟಗಿತ್ತು. "ಒಳಗೇನಾಗ್ತಿದೆ ಅಂತ ತೆರೆಯದೇನೇ ನೋಡ್ತೀರಾ? ಹಾಗಾದ್ರೆ ನೀವೂ ನಮ್ಮವರೇ" ಎಂದು ತೋಳು ಚಾಚಿದ್ದರು. ಬಳೆಯ ವಿಷಯವನ್ನು ಆಕೆಗೆ ಉದ್ದಕ್ಕೂ ವಿವರಿಸಿದ್ದರು. ಅಂದಿನಿಂದ ಪ್ರತಿ ಸಲವೂ ಡಾಕ್ಟರಮ್ಮ ಸೂಜಿ ಹಿಡಿಯುವ ಮೊದಲು ಕೇಳುವುದು ಒಂದೇ ಮಾತು: "ಮೇಸ್ತ್ರೀ, ಬಳೆ ತೆಗೀಲಾ?" ಬೇರೆ ಯಾವುದಕ್ಕೂ ತಲೆ ಕೊಡದ ದಿನವೂ ಆ ಮಾತಿಗೆ ಅವರ ತೋಳು ತಾನಾಗಿ ಮುಂದೆ ಬರುತ್ತಿತ್ತು.

ಆದರೆ ಈಚೆಗೆ ಅವರು ಜಾರುತ್ತಿದ್ದ ಬಗೆಯೇ ಬೇರೆಯಾಗಿತ್ತು. ಮೆಟ್ಟಿಲು ಇಳಿಯುತ್ತಿದ್ದವರು ಬಾವಿಗೆ ಬಿದ್ದ ಹಾಗೆ. ಊಟಕ್ಕೆ ಬಾಯಿ ತೆರೆಯುತ್ತಿರಲಿಲ್ಲ. ಚಮಚ ಹಿಡಿದ ಹೆಂಡತಿಯ ಕೈಯನ್ನು ತಳ್ಳಿದ ರಭಸಕ್ಕೆ ಆಕೆಯ ತುಟಿ ಒಡೆದಿತ್ತು. ಮಗಳನ್ನು ಕಂಡು ನೀನ್ಯಾರು ಎಂದೂ ಕೇಳುತ್ತಿರಲಿಲ್ಲ, ಕೇಳಬೇಕೆನ್ನುವುದೇ ಹೋಗಿತ್ತು. ಒಂದು ಮಧ್ಯಾಹ್ನ ತಣ್ಣಗಿದ್ದ ಹಳೆಯ ಭಟ್ಟಿಯೊಳಗೆ ಕೂತು ಕಾಗದಕ್ಕೆ ಬೆಂಕಿ ಹಚ್ಚಿದ್ದರು. ಮತ್ತೆ ಈ ಗೋಡೆಯ ಮುಂದೆ ನಿಲ್ಲುವುದು, ದಿನವೂ, ಕೆನ್ನೆಯ ಮೇಲೆ ಕೈಯಿಟ್ಟು. ಎಲ್ಲ ಹೋದ ಮೇಲೂ ಭಟ್ಟಿಯೊಂದು ಉಳಿದಿದೆಯಲ್ಲ ಎಂದು ಮನೆಯವರಿಗೆ ಅದರ ಮೇಲೆ ಒಂದು ಬಗೆಯ ಭಕ್ತಿಯೇ ಹುಟ್ಟಿಬಿಟ್ಟಿತ್ತು. ಆ ಹೊತ್ತಿನಲ್ಲಿ ಅವರನ್ನು ಯಾರೂ ಮಾತಾಡಿಸುತ್ತಿರಲಿಲ್ಲ, ಎದುರಿಗೆ ಹೋಗುತ್ತಿರಲಿಲ್ಲ.

ಮಗಳು ಒಂದು ಆರೈಕೆ ಮನೆ ನೋಡಿಕೊಂಡು ಬಂದಿದ್ದಳು. ಕೆಳಗಿನ ಅಂತಸ್ತಿನಲ್ಲಿ ಒಂದು ಕೋಣೆ ತೆರವಾಗಿತ್ತು. ಅಲ್ಲಿನ ಮ್ಯಾನೇಜರ್ ಹೆಚ್ಚು ದಿನ ಹಿಡಿದಿಡಲು ಆಗುವುದಿಲ್ಲ ಎಂದಿದ್ದ. ತಾಯಿ ಒಪ್ಪಿರಲಿಲ್ಲ. ಜಗಳವಾಡಲು ಇಬ್ಬರಿಗೂ ತ್ರಾಣವಿರಲಿಲ್ಲ. ಕೊನೆಗೆ ಒಂದು ಮಾತಿಗೆ ಬಂದಿದ್ದರು. ಈ ಸಲದ ರಕ್ತ ನೋಡಿ ಡಾಕ್ಟರಮ್ಮ, ಕಾಯಿಲೆ ಬೇಗ ಓಡುತ್ತಿದೆ ಎಂದರೆ ಮೇಸ್ತ್ರಿಯನ್ನು ಕಳಿಸುವುದು. ನಿಧಾನ ಎಂದರೆ ಮನೆಯಲ್ಲೇ ಇಟ್ಟುಕೊಳ್ಳುವುದು. ಹೇಗೆ, ಯಾರ ಬೆನ್ನಿನ ಮೇಲೆ, ಅದನ್ನು ಆಮೇಲೆ ನೋಡಿದರಾಯಿತು.

ರಕ್ತ ಕೊಡಲು ಹೋದ ದಿನ ಮೇಸ್ತ್ರಿಯ ಹೆಂಡತಿಗೆ ಒಂದು ಆಸೆಯಾಯಿತು. ಇಷ್ಟು ಸಲ ಕೊಟ್ಟ ರಕ್ತ ಎಲ್ಲಿಗೆ ಹೋಗುತ್ತದೆ ಎಂದು ಆಕೆ ಎಂದೂ ನೋಡಿರಲಿಲ್ಲ. ಮಗಳನ್ನು ಅಪ್ಪನ ಪಕ್ಕ ಕೂರಿಸಿ, ನಳಿಗೆಗಳ ತಟ್ಟೆ ಹಿಡಿದು ಹೊರಟಿದ್ದ ಲ್ಯಾಬಿನ ಹೆಂಗಸನ್ನು ಕೇಳಿಯೇಬಿಟ್ಟಳು. ಆ ಹೆಂಗಸು ಮೂಗಿನ ಮೇಲಿನ ಕನ್ನಡಕ ಏರಿಸಿಕೊಂಡು, ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರು ನೀವೇ ಮೊದಲು, ಬನ್ನಿ, ಏನನ್ನೂ ಮುಟ್ಟಬೇಡಿ ಅಷ್ಟೆ ಎಂದು ಒಳಗೆ ಕರೆದುಕೊಂಡು ಹೋದಳು.

ಒಳಗೆ ತಣ್ಣಗಿತ್ತು. ನಳಿಗೆಯನ್ನು ಒಂದು ದುಂಡನೆಯ ಯಂತ್ರದಲ್ಲಿಟ್ಟು ಮುಚ್ಚಳ ಹಾಕಿದರು. ಅದು ತಿಗರಿಯಂತೆ ತಿರುಗತೊಡಗಿತು. ಯಾವ ಕುಂಬಾರನ ತಿಗರಿಯೂ ಹಾಗೆ ತಿರುಗಿದ್ದನ್ನು ಆಕೆ ಕಂಡಿರಲಿಲ್ಲ, ತಿರುಗುತ್ತಿರುವುದೇ ಕಾಣದಷ್ಟು ವೇಗ. ನಿಂತ ಮೇಲೆ ಹೊರತೆಗೆದರೆ ಒಂದೇ ಬಣ್ಣದ್ದಾಗಿದ್ದ ರಕ್ತ ಎರಡಾಗಿತ್ತು. ಕೆಳಗೆ ಗಟ್ಟಿ ಕೆಂಪು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ. ಮಣ್ಣಿನ ತೊಟ್ಟಿಯಲ್ಲಿ ರಾತ್ರಿ ಕಲಸಿಟ್ಟದ್ದು ಬೆಳಗ್ಗೆ ಹೀಗೆಯೇ ತಿಳಿಯಾಗಿರುತ್ತದೆ. ಗಂಡನ ಮೈಯಲ್ಲಿ ಇಂಥ ತಿಳಿ ಹೊಳೆಯುವ ನೀರೊಂದು ಹರಿಯುತ್ತಿತ್ತು, ಇಷ್ಟು ವರ್ಷ ಪಕ್ಕದಲ್ಲಿ ಮಲಗಿದರೂ ಗೊತ್ತಿರಲಿಲ್ಲ.

ಲ್ಯಾಬಿನ ಹೆಂಗಸು ಆಮೇಲೆ ಒಂದು ಸಣ್ಣ ಫಲಕ ತೋರಿಸಿದಳು. ಬೆರಳುಗುರು ಸಹ ಹಿಡಿಯದಷ್ಟು ಚಿಕ್ಕ ಗುಳಿಗಳು ಸಾಲು ಸಾಲಾಗಿದ್ದವು. ಯಾರ್ಯಾರದೋ ರಕ್ತದ ತಿಳಿ ಒಂದೊಂದು ಹನಿ ಒಂದೊಂದರಲ್ಲಿ. ಕೆಲವು ಗುಳಿಗಳು ನೀರಿನಂತೆ ಬಣ್ಣವಿಲ್ಲದೆ, ಕೆಲವು ನಸುಹಳದಿ, ಒಂದೆರಡು ಉರಿಯುವ ಹಳದಿ. ಬಣ್ಣ ಗಾಢವಾದಷ್ಟೂ ಒಳಗೆ ಉರಿ ಹೆಚ್ಚು ಎಂದು ತಿಳಿಯಬೇಕಂತೆ. ಮೇಸ್ತ್ರಿಯ ಹೆಂಡತಿ ಫಲಕದ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು. ಭಟ್ಟಿಯ ಕಿಂಡಿಯೊಳಗೆ ಮೊದಲ ಸಲ ನೋಡಿದ ದಿನ ಆಕೆಗೆ ಹೀಗೆಯೇ ಮೈ ಜುಮ್ಮೆಂದಿತ್ತು. ಆಗ ಹೊಸ ಸೊಸೆ.

"ಇಷ್ಟು ಹನಿಯಲ್ಲಿ ಒಬ್ಬ ಮನುಷ್ಯ ಇದಾನಾ?" ಎಂದಳು.

"ಮನುಷ್ಯರು ಹೊರಗೆ ಕುರ್ಚಿ ಮೇಲೆ ಕೂತಿದಾರಮ್ಮ," ಎಂದಳು ಲ್ಯಾಬಿನ ಹೆಂಗಸು. "ಇದು ಅವರ ಮೇಲೆ ಚಾಡಿ ಹೇಳುತ್ತೆ ಅಷ್ಟೆ."

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಪರದೆಯನ್ನು ಅವರ ಕಡೆಗೆ ತಿರುಗಿಸಿದಳು. ಅದರಲ್ಲಿ ಎರಡು ಗೆರೆಗಳು. ಒಂದು ಮೆಲ್ಲಗೆ ಏರುವ ರಸ್ತೆಯಂತೆ ಸಾಗಿತ್ತು. ಇನ್ನೊಂದು ನೆಲಕ್ಕೆ ಅಂಟಿಕೊಂಡು ಬಂದು, ಕೊನೆಯಲ್ಲಿ ಗೋಡೆಯಂತೆ ನೆಟ್ಟಗೆ ಮೇಲಕ್ಕೆದ್ದಿತ್ತು. ಮೇಸ್ತ್ರಿ ಮಗಳ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು.

"ಡಾಕ್ಟ್ರೇ, ನಂಗೆ ಒಂದೇ ಮಾತು ಹೇಳಿ," ಎಂದಳು ಹೆಂಡತಿ. "ಬೇಗನಾ, ನಿಧಾನನಾ?"

ಡಾಕ್ಟರಮ್ಮ ಮೆಲ್ಲಗೆ ಏರುವ ಗೆರೆಯ ಮೇಲೆ ಬೆರಳಿಟ್ಟಳು. "ಅಮ್ಮಾ, ಈ ಮೊದಲ್ನೇ ಗೆರೆ ತಲೆ ಒಳಗಿನ ಸುದ್ದಿ. ಅಲ್ಲಿ ಕಾವಲು ಕಾಯೋ ಕಣಗಳು ಕೆರಳಿದ್ರೆ ಇದು ಏರುತ್ತೆ. ಏರ್ತಾ ಇದೆ, ನಿಮಗೆ ಸುಳ್ಳು ಹೇಳಲ್ಲ. ಆದ್ರೆ ಮೊದಲು ಹೇಗೆ ಏರ್ತಿತ್ತೋ ಈಗಲೂ ಹಾಗೇ ಇದೆ. ಈ ಎರಡನೇದು ಇಡೀ ದೇಹದ್ದು. ಮೈಯಲ್ಲಿ ಎಲ್ಲಿ ಉರಿಯೂತ ಆದ್ರೂ ಕೂಗಿಕೊಳ್ಳುತ್ತೆ. ಇದು ಇಷ್ಟು ಕೂಗಬಾರದಿತ್ತು."

ಮಗಳು ಕೇಳಿದಳು, ಹಾಗಾದರೆ ಅಪ್ಪ ಈ ಪಾಟಿ ಕುಸಿದದ್ದು ಈ ಕಾಯಿಲೆಯಿಂದ ಅಲ್ಲವೇ ಎಂದು.

"ಗೊತ್ತಿಲ್ಲ. ಒಂದು ಗೆರೆ ನೋಡಿ ಒಬ್ಬ ಮನುಷ್ಯನ ನಾಳೆ ಹೇಳೋಕಾಗಲ್ಲ. ಆದ್ರೆ ಹೊರಗೆಲ್ಲೋ ಬೆಂಕಿ ಬಿದ್ದಿದೆ. ಅದು ತಲೆಯೊಳಗಿನ ಉರಿಗೆ ಗಾಳಿ ಹಾಕ್ತಿರಬಹುದು. ಎಲ್ಲಿ ಬಿದ್ದಿದೆ ಅಂತ ರಕ್ತ ಹೇಳಲ್ಲ. ಅವರೇ ಹೇಳಬೇಕು, ಅವರಿಗೆ ಹೇಳೋಕೆ ಬರ್ತಿಲ್ಲ."

ಹುಡುಕಿದರು. ಎದೆಗೆ ಕೊಳವೆ ಇಟ್ಟು ಕೇಳಿದರು, ಮೂತ್ರ ಪರೀಕ್ಷೆ ಮಾಡಿದರು, ಬೆನ್ನು ತಿರುಗಿಸಿ ನೋಡಿದರು, ಕಾಲ್ಬೆರಳ ಸಂದಿ ಬಿಡಿಸಿ ನೋಡಿದರು. ಹೊಟ್ಟೆ ಒತ್ತಿದರೆ ಮೇಸ್ತ್ರಿ ಸುಮ್ಮನಿದ್ದರು. ಬಾಯಿ ತೆರೆಯಿರಿ ಎಂದಾಗ ಮಾತ್ರ ದವಡೆ ಬಿಗಿದು, ಡಾಕ್ಟರಮ್ಮನ ಕೈಯಲ್ಲಿದ್ದ ಕಡ್ಡಿಯನ್ನು ಹೊಡೆದು ಬೀಳಿಸಿದರು. ಮನೆಯಲ್ಲೂ ಹೀಗೆಯೇ, ಚಮಚ ಕಂಡರೆ ಆಗುವುದಿಲ್ಲ ಎಂದು ಮಗಳು ನಾಚಿಕೆಯಿಂದ ಕ್ಷಮೆ ಕೇಳಿದಳು. ಸರಿ, ಮೊದಲು ಎದೆಯ ಚಿತ್ರ ತೆಗೆಸೋಣ, ಹೊರಗೆ ಕೂತಿರಿ ಎಂದಳು ಡಾಕ್ಟರಮ್ಮ.

ಹೊರಗಿನ ಓಣಿ ಉದ್ದವಾಗಿತ್ತು, ಸೊಂಟದವರೆಗೆ ಹಸಿರು ಬಣ್ಣ ಬಳಿದ ಗೋಡೆ. ಹೆಂಡತಿ ಓಣಿಯ ಆ ತುದಿಗೆ ನೀರು ತುಂಬಿಸಿಕೊಳ್ಳಲು ಹೋದಳು. ಆಕೆ ಅತ್ತ ಹೋದದ್ದೇ ಮೇಸ್ತ್ರಿ ಎದ್ದು ಗೋಡೆಯ ಮುಂದೆ ನಿಂತರು. ಕೈ ಕೆನ್ನೆಗೆ ಹೋಯಿತು. ಆಗಲೇ ಮಗಳ ಫೋನು ಹೊಡೆದುಕೊಂಡಿತು. ಆರೈಕೆ ಮನೆಯ ಮ್ಯಾನೇಜರ್. ಕೋಣೆಗೆ ಬೇರೆಯವರು ಬಂದಿದ್ದಾರೆ, ಈಗಲೇ ಹೌದೋ ಇಲ್ಲವೋ ಅಂದುಬಿಡಿ ಎಂದ. ಅವಳು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈ ಅಡ್ಡ ಚಾಚಿ, ಟ್ರಾಲಿ ತಳ್ಳಿಕೊಂಡು ಬರುತ್ತಿದ್ದ ಆಳನ್ನು ತಡೆದಳು. ಸ್ವಲ್ಪ ಹಿಂದಿನಿಂದ ಹೋಗಪ್ಪ, ಅವರ ಮುಂದೆ ಹಾಯಬೇಡ ಎಂದಳು. ಅವನು ಮೇಸ್ತ್ರಿಯನ್ನೂ ಖಾಲಿ ಗೋಡೆಯನ್ನೂ ನೋಡಿ, ಗೋಡೆಯ ಮೇಲೆ ಹಲ್ಲಿಯೇನಾದರೂ ಇದೆಯೇ ಎಂದು ಹುಡುಕಿ, ಆಸ್ಪತ್ರೆಯ ಆಳಾದ್ದರಿಂದ ಏನೂ ಕೇಳದೆ ಬಳಸಿ ಹೋದ.

"ಅಮ್ಮ," ಎಂದು ಮಗಳು ದೂರದಿಂದಲೇ ಕರೆದಳು. "ಏನು ಹೇಳ್ಲಿ?"

ಹೆಂಡತಿ ನೀರಿನ ಬಾಟಲಿ ಹಿಡಿದು ಆ ತುದಿಯಿಂದ ಬರುತ್ತಿದ್ದಳು. ಮನೆಯಲ್ಲಾದರೆ ಹಿಂಬಾಗಿಲಿತ್ತು. ಇಲ್ಲಿ ಬೇರೆ ದಾರಿಯಿರಲಿಲ್ಲ, ಗಂಡನ ಎಡ ಮಗ್ಗುಲಿಗೇ ಬರಬೇಕಾಯಿತು. ಕಿಟಕಿಯ ಬೆಳಕು ಅವರ ಎಡಗೆನ್ನೆಯ ಮೇಲೆ ಬಿದ್ದಿತ್ತು. ಅಲ್ಲಿ ಸುಟ್ಟ ಜಾಡಿಯ ಬಣ್ಣದ ಆ ಹಳೆಯ ಕಲೆ, ವರ್ಷಗಳ ಕಾವು ಕೂತು ದಪ್ಪಗಾದ ಚರ್ಮ, ಬಿಚ್ಚಿಟ್ಟಂತೆ ಕಾಣುತ್ತಿತ್ತು. ಆಕೆ ಎರಡು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟಳು. ಆ ಕಲೆ ಕಾಣಬಾರದಿತ್ತು. ಕಿಂಡಿ ನೋಡುವಾಗ ಅಂಗೈ ಮುಚ್ಚುತ್ತಿದ್ದದ್ದೇ ಆ ಕಲೆಯನ್ನು.

ಕೈ ಬಲಗೆನ್ನೆಯ ಮೇಲಿತ್ತು.

ಮಗಳು ಮತ್ತೊಮ್ಮೆ ಕರೆದದ್ದು ಆಕೆಗೆ ಕೇಳಿಸಲಿಲ್ಲ. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಎಂದೂ ಮಾಡದ ಕೆಲಸವನ್ನು ಆಕೆ ಮಾಡಿದಳು. ನೇರವಾಗಿ ಬಂದು ಗಂಡನಿಗೂ ಗೋಡೆಗೂ ನಡುವೆ ನಿಂತಳು.

"ಅಡ್ಡ ಬರಬೇಡ," ಎಂದು ಮೇಸ್ತ್ರಿ ಗದರಿದರು. ಎಷ್ಟೋ ದಿನಗಳ ಮೇಲೆ ಆಡಿದ ಮಾತು ಅದು.

"ಬರ್ತೀನಿ ರೀ. ಕೈ ತೆಗೀರಿ, ನೋಡ್ತೀನಿ."

ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಅಂಗೈಯನ್ನು ಅಲ್ಲಿಟ್ಟಳು. ಕೆನ್ನೆ ಸುಡುತ್ತಿತ್ತು. ದವಡೆಯ ಮೂಲೆ ಗಟ್ಟಿಯಾಗಿ ಉಬ್ಬಿತ್ತು. ಗಡ್ಡದ ಕೂದಲಿನಲ್ಲಿ ಕಣ್ಣಿಗೆ ಕಾಣದ್ದು ಕೈಗೆ ತಿಳಿಯಿತು. ಮೇಸ್ತ್ರಿ ಮುಖವನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. ತಲೆಯ ಭಾರವನ್ನೆಲ್ಲ ಆ ಅಂಗೈಗೆ ಬಿಟ್ಟು ಕಣ್ಣು ಮುಚ್ಚಿದರು.

"ಇಲ್ಲಿ," ಎಂದರು.

ಆಕೆ ಮಗುವಿಗೆ ಉಣಿಸುವವಳಂತೆ ತನ್ನ ಬಾಯನ್ನೇ ಅಗಲವಾಗಿ ತೆರೆದು ತೋರಿಸಿದಳು. ಅವರೂ ತೆರೆದರು. ಹಿಂದಿನ ಹಲ್ಲಿನ ಬುಡದಲ್ಲಿ ವಸಡು ಹಣ್ಣಾಗಿ ಊದಿ, ಕೀವು ತುಂಬಿಕೊಂಡಿತ್ತು. ಆಕೆ ತಿರುಗಿ ನೋಡದೆಯೇ ಮಗಳಿಗೆ ಹೇಳಿದಳು.

"ಫೋನ್ ಇಡು. ಡಾಕ್ಟ್ರನ್ನ ಕರಿ."

ಅದೇ ಕಟ್ಟಡದಲ್ಲಿ ಹಲ್ಲಿನ ಡಾಕ್ಟರಿದ್ದ. ಹಲ್ಲು ತೆಗೆದು ಕೀವು ಬಿಡಿಸಿದ. ಅಷ್ಟು ಹೊತ್ತೂ ಹೆಂಡತಿಯ ಕೈ ಮೇಸ್ತ್ರಿಯ ಹಣೆಯ ಮೇಲಿತ್ತು. ಸಂಜೆ ಡಾಕ್ಟರಮ್ಮ ಹೊರಗಿನ ಬೆಂಚಿಗೆ ಬಂದು ಅವರ ಪಕ್ಕ ಕೂತಳು. ಹೋದ ಸಲ ಬಂದಾಗಲೂ ಇವರು ಹೀಗೆ ಕೆನ್ನೆ ಹಿಡಿದು ನಿಂತಿದ್ದನ್ನು ನಾನು ನೋಡಿದ್ದೆ, ಭಟ್ಟಿ ನೋಡುತ್ತಿದ್ದಾರೆ ಎಂದು ನೀವು ಹೇಳಿದ್ದು ನೆನಪಾಗಿ ನಾನೂ ಬಳಸಿಕೊಂಡು ಹೋಗಿದ್ದೆ ಎಂದಳು. ಮೇಸ್ತ್ರಿಯ ಹೆಂಡತಿ ಓಣಿಯ ಕೊನೆಯಲ್ಲಿದ್ದ ಲ್ಯಾಬಿನ ಬಾಗಿಲನ್ನೇ ನೋಡುತ್ತಿದ್ದಳು. ಪಕ್ಕದಲ್ಲೇ ಇದ್ದವರಿಗೂ ಕೇಳಿಸದ ನೋವು ಅಲ್ಲಿ, ಆ ತಣ್ಣನೆಯ ಕೋಣೆಯಲ್ಲಿ, ಒಂದು ಹನಿಯೊಳಗೆ ಕೂತು ಕೂಗುತ್ತಿತ್ತಲ್ಲ. ಬಾಯಿಗೆ ಮಾತು ಮರೆತುಹೋಗಿತ್ತು. ರಕ್ತ ಮರೆತಿರಲಿಲ್ಲ.

ಔಷಧಿ ಮುಗಿಯುವ ಹೊತ್ತಿಗೆ ಮೇಸ್ತ್ರಿ ಉಣ್ಣತೊಡಗಿದರು. ಮೊದಲು ಗಂಜಿ, ಆಮೇಲೆ ಗಟ್ಟಿ. ಒಂದು ಬೆಳಗ್ಗೆ ಕಾರ್ಖಾನೆಗೆ ಹೊರಟಿದ್ದ ಮಗಳನ್ನು ನೋಡಿ, "ಬಿಲ್ಲೆ, ಬೀರು ಹಚ್ಚಿದ್ಯಾ?" ಎಂದು ಕೇಳಿದರು. ಚಿಕ್ಕಂದಿನಲ್ಲಿ ಉಳಿದ ಮಣ್ಣಿನಲ್ಲಿ ಬಿಲ್ಲೆ ತಟ್ಟುತ್ತ ಕೂರುತ್ತಿದ್ದವಳಿಗೆ ಅವರು ಇಟ್ಟ ಹೆಸರು ಅದು. ಮಗಳು ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಬಗ್ಗಿ, ಬಹಳ ಹೊತ್ತು ಏಳಲೇ ಇಲ್ಲ. ಹೋದದ್ದೆಲ್ಲ ಮರಳಲಿಲ್ಲ. ಬಚ್ಚಲ ಬಾಗಿಲು ಯಾವುದೆಂದು ಅವರಿಗೆ ಮತ್ತೆ ಗೊತ್ತಾಗಲಿಲ್ಲ. ಮ್ಯಾನೇಜರನಿಗೆ ಮಗಳು ಫೋನು ಮಾಡಿ, ಈಗ ಬೇಡ ಎಂದಷ್ಟೇ ಹೇಳಿದಳು. ಇನ್ನು ಗೋಡೆಯ ಮುಂದೆ ನಿಲ್ಲುವುದು ತಪ್ಪುತ್ತದೆ ಎಂದುಕೊಂಡಿದ್ದರು. ತಪ್ಪಲಿಲ್ಲ. ನೋವಿಲ್ಲದೆಯೂ ಆಗಾಗ ನಿಲ್ಲುತ್ತಿದ್ದರು. ಈಗ ಮನೆಯವರು ಸುತ್ತಿ ಹೋಗುವ ಮೊದಲು ಒಮ್ಮೆ ಎದುರಿಗೆ ಬಂದು, ಕೈ ಯಾವ ಕೆನ್ನೆಯ ಮೇಲಿದೆ ಎಂದು ನೋಡುತ್ತಿದ್ದರು.

ಮುಂದಿನ ಸಲ ರಕ್ತ ಕೊಡಲು ಹೋದಾಗ ಬಿಸಿಲು ಕೋಣೆಯೊಳಗೆ ಬಂದಿತ್ತು. ಹೆಂಡತಿಯ ನಾಲಗೆಯ ತುದಿಯಲ್ಲಿ ಅದೇ ಹಳೆಯ ಪ್ರಶ್ನೆಯಿತ್ತು, ಬೇಗನಾ, ನಿಧಾನನಾ ಎಂದು. ಕೇಳಬೇಕೋ ಬೇಡವೋ ಎಂದು ಬಾಗಿಲ ಹತ್ತಿರವೇ ನಿಂತಿದ್ದಳು.

"ಮೇಸ್ತ್ರೀ, ಬಳೆ ತೆಗೀಲಾ?" ಎಂದಳು ಡಾಕ್ಟರಮ್ಮ.

ತೋಳು ಮುಂದೆ ಬಂತು. ನಳಿಗೆ ಕೆಂಪಗೆ ತುಂಬಿತು. ಲ್ಯಾಬಿನ ಹೆಂಗಸು ಅದನ್ನು ತಟ್ಟೆಯ ಮೇಲಿಡುವಷ್ಟರಲ್ಲಿ ಮೇಸ್ತ್ರಿ ಕೈ ಚಾಚಿ ಎತ್ತಿಕೊಂಡರು. ಲ್ಯಾಬಿನವಳು ತಡೆಯಲು ಹೋದಳು. ಡಾಕ್ಟರಮ್ಮ ಬೇಡವೆಂದು ಕಣ್ಣಲ್ಲೇ ಹೇಳಿದಳು. ಮೇಸ್ತ್ರಿ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮುಖ ಓರೆ ಮಾಡಿ, ಇನ್ನೂ ಮೈಬಿಸಿ ಆರದ ಆ ಗಾಜನ್ನು ಎಡಗೆನ್ನೆಯ ಕಲೆಗೆ ತಾಗಿಸಿಕೊಂಡು, ಉಸಿರು ಹಿಡಿದು ನಿಂತರು.

ಟ್ರಾಲಿ ತಳ್ಳಿಕೊಂಡು ಒಳಗೆ ಬರುತ್ತಿದ್ದ ಆಳು ಅವರನ್ನು ಗುರುತು ಹಿಡಿದು ಹೊಸ್ತಿಲಲ್ಲೇ ನಿಂತ.

"ಅವಸರ ಇಲ್ಲ," ಎಂದರು ಮೇಸ್ತ್ರಿ.

ಕೋಣೆಯಲ್ಲಿ ಯಾರೂ ಅಲುಗಲಿಲ್ಲ. ಅವರಿಗೂ ಕಿಟಕಿಯ ಬೆಳಕಿಗೂ ನಡುವೆ ಯಾರೂ ಹಾಯಲಿಲ್ಲ.